18 ಅಂಗುಲದ ಅಖಾಡ: ಲೂ ಥೆಸ್ ಎದುರು ಬ್ರೆಟ್ ಹಾರ್ಟ್

ಪ್ರೊ ರೆಸ್ಲಿಂಗಿನ ಎರಡು ಬೇರೆ ಕಾಲದ ಪೈಲ್ವಾನರಾದ ಲೂ ಥೆಸ್ ಮತ್ತು ಬ್ರೆಟ್ ಹಾರ್ಟ್ ಒಂದೇ ರಿಂಗಿನಲ್ಲಿ ಎದುರುಬದುರಾಗಿ ನಿಂತರೆ ಹೇಗಿರುತ್ತದೆ ಅನ್ನುವ ಯೋಚನೆ ನನ್ನನ್ನು ಬಹಳ ವರ್ಷಗಳಿಂದ ಬಿಟ್ಟಿಲ್ಲ. ಬಾಯಲ್ಲಿ ವಾದ ಮಾಡಿ ಮಾಡಿ ಸಾಕಾಗಿತ್ತು. ಕೊನೆಗೆ ರಿಂಗ್ ಕಟ್ಟಿ, ಇಬ್ಬರ ಗೊಂಬೆಗಳನ್ನೂ ಅದರೊಳಗೆ ಇಳಿಸಿ, ಒಂದೊಂದೇ ಫೋಟೋ ತೆಗೆದು ಆ ಪಂದ್ಯವನ್ನು ಆಡಿಸಿಯೇ ಬಿಡೋಣ ಅಂತ ಕೂತೆ. ಕೆಲಸ ನಡೆದ ಹಾಗೇ ಬರೆದಿಟ್ಟುಕೊಂಡದ್ದು ಇದು.

ಈ ಇಬ್ಬರೇ ಯಾಕೆ ಅಂದರೆ, ಇಬ್ಬರೂ ಪಟ್ಟಿನ ಜನ. ಥೆಸ್ 1937ರಲ್ಲಿ, 21ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದವನು. ಎದುರಾಳಿಯ ಕೈಕಾಲನ್ನು ನಿಜವಾಗಿಯೂ ಮುರಿಯಬಲ್ಲ ಪಟ್ಟು ಗೊತ್ತಿದ್ದವರನ್ನು ಆ ಕಾಲದಲ್ಲಿ ಹುಕ್ಕರ್ ಅನ್ನುತ್ತಿದ್ದರು. ಥೆಸ್ ಆ ಸಾಲಿನವನು. ಬ್ರೆಟ್ ಕ್ಯಾಲ್ಗರಿಯಲ್ಲಿ ಅಪ್ಪ ಸ್ಟೂ ಹಾರ್ಟ್ ಮನೆಯ ನೆಲಮಾಳಿಗೆಯಲ್ಲೇ ಕುಸ್ತಿ ಕಲಿತವನು. ಆ ಕೋಣೆಗೆ ಡಂಜನ್ ಅಂತ ಹೆಸರು. ಪ್ರೊ ರೆಸ್ಲಿಂಗಿನಲ್ಲಿ ಗೆಲ್ಲುವವರು ಯಾರು ಅಂತ ಮೊದಲೇ ಗೊತ್ತುಮಾಡಿರುತ್ತಾರೆ, ನಿಜ. ಆದರೆ ನೋಡುವವನು ನಂಬುವ ಹಾಗೆ ಅದನ್ನು ದೇಹದ ಮೇಲೆ ಕಟ್ಟುವುದು ಒಂದು ವಿದ್ಯೆ, ಆ ವಿದ್ಯೆಯಲ್ಲಿ ಇವರಿಬ್ಬರಿಗಿಂತ ಮೇಲಿನವರನ್ನು ನಾನು ನೋಡಿಲ್ಲ.

1ನೇ ದಿನ

ಮೊದಲು ಎದುರಾದದ್ದು ಮರ ಕೊಯ್ಯುವ ಕೆಲಸವಲ್ಲ, ಒಂದು ಪ್ರಶ್ನೆ: ಯಾವ ವಯಸ್ಸಿನ ಥೆಸ್? ಯಾವ ವರ್ಷದ ಬ್ರೆಟ್? "ಇಬ್ಬರೂ ತಮ್ಮ ತಮ್ಮ ಉತ್ತುಂಗದಲ್ಲಿ" ಅಂದುಬಿಟ್ಟರೆ ಏನನ್ನೂ ಹೇಳಿದ ಹಾಗಾಗುವುದಿಲ್ಲ. ಉತ್ತರ ದಿನಾಂಕಗಳಲ್ಲೇ ಸಿಕ್ಕಿತು. 1957ರ ಅಕ್ಟೋಬರಿನಲ್ಲಿ ಥೆಸ್ ಜಪಾನಿನಲ್ಲಿ ಅಲ್ಲಿನ ಪೈಲ್ವಾನ ರಿಕಿಡೋಜಾನ್ ಜೊತೆ 60 ನಿಮಿಷ ಹೋರಾಡಿ ಡ್ರಾ ಮಾಡಿಕೊಂಡ. ಆಗ ಅವನಿಗೆ 41. ಬ್ರೆಟ್ 1996ರ ಮಾರ್ಚ್ 31ರಂದು ರೆಸಲ್‌ಮೇನಿಯಾ 12ರಲ್ಲಿ ಶಾನ್ ಮೈಕೆಲ್ಸ್ ಜೊತೆ 60 ನಿಮಿಷದ ಐರನ್‌ಮ್ಯಾನ್ ಪಂದ್ಯ ಆಡಿದ. ಗೊತ್ತಾದ ಸಮಯದೊಳಗೆ ಹೆಚ್ಚು ಫಾಲ್ ಗಳಿಸಿದವನು ಗೆಲ್ಲುವ ಪಂದ್ಯ ಅದು. ಎದುರಾಳಿಯನ್ನು ಚಿತ್ ಮಾಡಿ ಮೂರು ಎಣಿಸುವವರೆಗೆ ಹಿಡಿದರೆ, ಇಲ್ಲವೇ ಪಟ್ಟು ಹಾಕಿ ಸೋಲೊಪ್ಪಿಸಿದರೆ ಒಂದು ಫಾಲ್. ಒಂದು ಗಂಟೆಯಲ್ಲಿ ಇಬ್ಬರಲ್ಲಿ ಯಾರೂ ಒಂದು ಫಾಲ್ ಕೂಡ ಗಳಿಸಲಿಲ್ಲ, ಹೆಚ್ಚುವರಿ ಸಮಯದಲ್ಲಿ ಬ್ರೆಟ್ ಸೋತ. ಅವನಿಗೆ ಆಗ 38. ಆ ಬ್ರೆಟ್ ಹುಟ್ಟಿದ್ದು 1957ರ ಜುಲೈ 2ಕ್ಕೆ. ಅಂದರೆ ಥೆಸ್ ಜಪಾನಿನಲ್ಲಿ ಆ 60 ನಿಮಿಷ ಆಡುವಾಗ ಬ್ರೆಟ್ ಮೂರು ತಿಂಗಳ ಕೂಸು. ಈ ಲೆಕ್ಕ ಕಣ್ಣಿಗೆ ಬಿದ್ದ ಮೇಲೆ ಬೇರೆ ಯಾವ ವರ್ಷವನ್ನೂ ಹುಡುಕುವ ಮನಸ್ಸಾಗಲಿಲ್ಲ.

ನಿಯಮವೂ ಅಲ್ಲಿಂದಲೇ ಬಂತು: 60 ನಿಮಿಷದ ಮಿತಿ, ಮೂರರಲ್ಲಿ ಎರಡು ಫಾಲ್ ಗೆದ್ದವನದ್ದು ಪಂದ್ಯ. ಇದು ಥೆಸ್ ಕಾಲದ ಪದ್ಧತಿ. 60 ನಿಮಿಷ ಮುಗಿದರೂ ತೀರ್ಮಾನ ಆಗದಿದ್ದರೆ ಹೆಚ್ಚುವರಿ ಸಮಯ. ಇದು ಬ್ರೆಟ್ ಕಾಲದ್ದು.

2 ಮತ್ತು 3ನೇ ದಿನ

ಅಳತೆಯ ಅನುಪಾತ 1:12. ಇದರಲ್ಲಿ ಒಂದು ಅಡಿ ಒಂದು ಅಂಗುಲವಾಗುತ್ತದೆ, ಲೆಕ್ಕ ಹಾಕಲು ಕಾಗದವೇ ಬೇಡ. 6 ಅಡಿಯ ಬ್ರೆಟ್ 6 ಅಂಗುಲ. 6 ಅಡಿ 2 ಅಂಗುಲದ ಥೆಸ್ ಅವನಿಗಿಂತ 4 ಮಿಲಿಮೀಟರ್ ಎತ್ತರ. ಅಂಗಡಿಯ ಗೊಂಬೆಗಳು ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇರುತ್ತವೆ, ಆದರೆ ಈ 4 ಮಿಲಿಮೀಟರನ್ನು ಉಳಿಸಿಕೊಳ್ಳಲೇಬೇಕು ಅನ್ನಿಸಿತು. ಇಬ್ಬರೂ ಕತ್ತಿಗೆ ಕೈ ಹಾಕಿ ನಿಂತಾಗ ಯಾರ ಹಣೆ ಯಾರ ಹುಬ್ಬಿನ ಮಟ್ಟಕ್ಕೆ ಬರುತ್ತದೆ ಅನ್ನುವುದರಲ್ಲೇ ಅರ್ಧ ಕಥೆ ಇರುತ್ತದೆ.

ರಿಂಗಿನ ಅಗಲ ಸುಲಭಕ್ಕೆ ತೀರ್ಮಾನವಾಗಲಿಲ್ಲ. ಬ್ರೆಟ್ ಹೆಸರು ಮಾಡಿದ ಕಂಪನಿ ಡಬ್ಲ್ಯುಡಬ್ಲ್ಯುಎಫ್ (ಈಗಿನ ಡಬ್ಲ್ಯುಡಬ್ಲ್ಯುಇ), ಅದರ ರಿಂಗ್ 20 ಅಡಿಯದು. ಬೇರೆ ಕಡೆ 18 ಅಡಿಯದೂ ಇದೆ, 16 ಅಡಿಯದೂ ಇದೆ. ರಟ್ಟಿನಲ್ಲಿ ಮೂರು ಅಳತೆಗೂ ಚೌಕ ಕತ್ತರಿಸಿ ಗೊಂಬೆಗಳನ್ನು ನಿಲ್ಲಿಸಿ ನೋಡಿದೆ. 16ರಲ್ಲಿ ಎಲ್ಲಿ ಬಿದ್ದರೂ ಕೈಗೆ ಹಗ್ಗ ಸಿಗುತ್ತದೆ. ಹಗ್ಗ ಮುಟ್ಟಿದರೆ ಪಟ್ಟು ಬಿಡಬೇಕಲ್ಲ, ಥೆಸ್‌ಗೆ ಅನ್ಯಾಯ. 20ರಲ್ಲಿ ನಡುವೆ ಬಿದ್ದವನಿಗೆ ಹಗ್ಗ ಬಹಳ ದೂರ. 18ನ್ನು ಆರಿಸಿಕೊಂಡೆ. ಈ ಎರಡು ಅಂಗುಲದ ವ್ಯತ್ಯಾಸವೇ ಮುಂದೆ ಪಂದ್ಯದ ದಿಕ್ಕು ಬದಲಿಸುತ್ತದೆ ಅಂತ ಆಗ ಹೊಳೆದಿರಲಿಲ್ಲ.

9 ಮಿಲಿಮೀಟರ್ ಪ್ಲೈವುಡ್ ಹಲಗೆ, ನಾಲ್ಕು ಮೂಲೆಗೆ ತೂತು, ತೂತಿಗೆ 8 ಮಿಲಿಮೀಟರಿನ ಮರದ ಕಡ್ಡಿ, ಅಂಟು. ಮೂರು ಸಾಲು ಎಲಾಸ್ಟಿಕ್ ದಾರ ಬಿಗಿದೆ. ನೋಡಲು ಚೆನ್ನಾಗಿತ್ತು.

4ನೇ ದಿನ

ಬೆಳಿಗ್ಗೆ ಬಂದು ನೋಡಿದರೆ ನಾಲ್ಕೂ ಕಂಬ ಒಳಕ್ಕೆ ವಾಲಿವೆ. ಮೂಲೆಮಟ್ಟ ಇಟ್ಟು ಅಳೆದೆ: ಮೂರು ಕಂಬಗಳ ತುದಿ 4 ಮಿಲಿಮೀಟರ್ ಒಳಗೆ ಬಂದಿದೆ, ಬಲಹಿಂದಿನ ಮೂಲೆಯದು 6. ಕಂಬ ವಾಲಿದ ಕೂಡಲೇ ಹಗ್ಗ ಸಡಿಲ, ಹಗ್ಗ ಬಿಗಿದರೆ ಕಂಬ ಇನ್ನಷ್ಟು ಒಳಕ್ಕೆ. ಅಂಟು ಬಿಟ್ಟಿರಲಿಲ್ಲ. ತಪ್ಪು ಇದ್ದದ್ದು ಕಟ್ಟಿದ ರೀತಿಯಲ್ಲಿ. 9 ಮಿಲಿಮೀಟರ್ ಆಳದ ಹಿಡಿತ ಇಟ್ಟುಕೊಂಡು 4 ಅಂಗುಲದ ಕಂಬ ಎರಡು ಕಡೆಯ ಎಳೆತ ತಡೆಯಬೇಕು ಅಂದರೆ ಹೇಗೆ ತಡೆದೀತು?

ನಿಜವಾದ ರಿಂಗಿನಲ್ಲಿ ಕಂಬ ಮೇಲಿನ ವೇದಿಕೆಗೆ ಸಿಕ್ಕಿಸಿದ ಗೂಟವಲ್ಲ. ಅದು ನೆಲದಿಂದಲೇ ಎದ್ದು ನಿಂತಿರುತ್ತದೆ. ವೇದಿಕೆಯ ಉಕ್ಕಿನ ತೊಲೆಗಳು ಅದಕ್ಕೆ ಬಂದು ಸೇರುತ್ತವೆ. ಅದನ್ನೇ ಮಾಡಿದೆ. ಹಲಗೆಯ ಕೆಳಗೆ 3 ಅಂಗುಲ ಎತ್ತರದ ಪೆಟ್ಟಿಗೆ ಕಟ್ಟಿ, ತಳಕ್ಕೆ ಇನ್ನೊಂದು ಪ್ಲೈವುಡ್ ಹಾಕಿ, ಮರದ ಕಡ್ಡಿಯ ಬದಲು 10 ಮಿಲಿಮೀಟರಿನ ಅಲ್ಯೂಮಿನಿಯಂ ಕೊಳವೆಯನ್ನು ಮೇಲಿನ ಹಲಗೆ ತೂರಿಸಿ ತಳದ ಹಲಗೆಯವರೆಗೂ ಇಳಿಸಿದೆ. ಈಗ ಕಂಬಕ್ಕೆ ಎರಡು ಕಡೆ ಹಿಡಿತ, ನಡುವೆ 3 ಅಂಗುಲದ ಅಂತರ. ಬಲಹಿಂದಿನ ಮೂಲೆಯ ತೂತು ಮೊದಲ ಸಲವೇ ಸ್ವಲ್ಪ ಅಗಲವಾಗಿತ್ತು. ಅಲ್ಲಿಗೆ ಒಂದು ಮರದ ತುಂಡು ಕೊರೆದು ಪೆಟ್ಟಿಗೆಯ ಒಳಗಿನಿಂದ ಸ್ಕ್ರೂ ಹಾಕಿ ಬಿಗಿದೆ. ಅದರ ಪಕ್ಕಕ್ಕೆ ಒಂದು ದಾರ ಇಳಿಬಿಟ್ಟು ಪೆನ್ಸಿಲಿನಲ್ಲಿ ಗುರುತು ಮಾಡಿಟ್ಟೆ, ಕದಲಿದರೆ ಗೊತ್ತಾಗಲಿ ಅಂತ.

ಹಗ್ಗ

ಎಲಾಸ್ಟಿಕ್ ಬಿಚ್ಚಿ ಎಸೆದೆ. ಕೆಲವು ಕಂಪನಿಗಳು ಉಕ್ಕಿನ ತಂತಿಗೆ ರಬ್ಬರ್ ಕೊಳವೆ ಹೊದಿಸಿ ಹಗ್ಗ ಮಾಡುತ್ತವೆ. ಬ್ರೆಟ್ ಇದ್ದ ಕಂಪನಿಯದು ನಿಜವಾದ ಹಗ್ಗ, ಅದಕ್ಕೆ ಟೇಪ್ ಸುತ್ತಿರುತ್ತಾರೆ. ನಾನು ಎರಡನೆಯದನ್ನೇ ಅನುಸರಿಸಿದೆ: 2 ಮಿಲಿಮೀಟರಿನ ಹತ್ತಿಯ ಹುರಿ, ಮೇಲೆ ಸಣ್ಣಗೆ ಸೀಳಿದ ಬಟ್ಟೆಯ ಟೇಪು. ಹತ್ತಿ ಹುರಿ ಎರಡು ದಿನಕ್ಕೆ ಜೋಲುತ್ತದೆ. ಹಾಗಾಗಿ ಮೊದಲು ಭಾರದ ಸುತ್ತಿಗೆಯೊಂದನ್ನು ಕಟ್ಟಿ ರಾತ್ರಿಯೆಲ್ಲ ನೇತುಹಾಕಿ, ಹಿಗ್ಗುವಷ್ಟು ಹಿಗ್ಗಿಸಿ, ಆಮೇಲೆ ಟೇಪ್ ಸುತ್ತಿದೆ. ಕಂಬಕ್ಕೆ ಅಡ್ಡ ತೂತು ಕೊರೆದು ಕಣ್ಣಿರುವ 3 ಮಿಲಿಮೀಟರ್ ಬೋಲ್ಟ್ ತೂರಿಸಿ, ಹೊರಗಡೆ ನಟ್ ಹಾಕಿದೆ. ನಟ್ ತಿರುಗಿಸಿದರೆ ಬೋಲ್ಟ್ ಹೊರಕ್ಕೆ ಬರುತ್ತದೆ, ಹಗ್ಗ ಬಿಗಿಯುತ್ತದೆ. ನಿಜದ ರಿಂಗಿನ ಮೂಲೆಗಳಲ್ಲಿ ಹಗ್ಗ ಬಿಗಿಯುವ ಟರ್ನ್‌ಬಕಲ್ ಮಾಡುವ ಕೆಲಸವೂ ಇದೇ ತಾನೆ. ಅದರ ಮೇಲೆ ಸ್ಪಾಂಜಿನ ತುಂಡಿಗೆ ಬಟ್ಟೆ ಹೊಲಿದು ಮೆತ್ತೆ ಕಟ್ಟಿದೆ. 12 ಮೆತ್ತೆ ಹೊಲಿಯಲು ಒಂದು ಸಂಜೆ ಪೂರ್ತಿ ಹಿಡಿಯಿತು.

ಎರಡನೆಯ ಹಗ್ಗದ ಎತ್ತರವನ್ನು ಗೊಂಬೆಯನ್ನೇ ನಿಲ್ಲಿಸಿ ಗೊತ್ತುಮಾಡಿದೆ. ಬ್ರೆಟ್ ಮೂಲೆಯಲ್ಲಿ ಎರಡನೆಯ ಹಗ್ಗದ ಮೇಲೆ ಹತ್ತಿ ಮೊಣಕೈಯಿಂದ ಎಗರುವವನು. ಅವನ ಹೆಜ್ಜೆ ಸರಾಗವಾಗಿ ಅಲ್ಲಿ ಕೂರಬೇಕು. ಮೂರನೆಯದು ಅವನ ಎದೆಮಟ್ಟಕ್ಕೆ.

ನೆಲ

5 ಮಿಲಿಮೀಟರ್ ಫೋಮ್ ಹಾಸಿ, ಮೇಲೆ ಬಿಳಿ ಕಾಟನ್ ಬಟ್ಟೆ ಎಳೆದು ಕಟ್ಟಿದಾಗ ಗೊಂಬೆ ನಿಲ್ಲಲೇ ಇಲ್ಲ, ಪಾದ ಮುಳುಗಿ ಮುಗ್ಗರಿಸುತ್ತಿತ್ತು. ಪಾದಕ್ಕೆ 3 ಮಿಲಿಮೀಟರಿನ ಆಯಸ್ಕಾಂತ ಕೂರಿಸಿ ಫೋಮಿನ ಕೆಳಗೆ ತಗಡು ಇಟ್ಟೆ. ನಡುವೆ 5 ಮಿಲಿಮೀಟರ್ ಇದ್ದರೆ ಆಯಸ್ಕಾಂತಕ್ಕೆ ಹಿಡಿತವೇ ಇಲ್ಲ. ಫೋಮನ್ನು 2 ಮಿಲಿಮೀಟರಿಗೆ ಇಳಿಸಿದೆ, ಗೊಂಬೆ ನಿಂತಿತು. ಈಗ ಬೇರೆ ತೊಂದರೆ: ಯಾರು ಬಿದ್ದರೂ ನೆಲ ಸಿಮೆಂಟಿನ ಹಾಗೆ ಸುಮ್ಮನಿರುತ್ತದೆ. ಫೋಟೋಗಳನ್ನು ಓಡಿಸಿ ನೋಡಿದ ತಮ್ಮ ಒಂದೇ ಮಾತು ಹೇಳಿದ, "ಅಣ್ಣಾ, ಬಿದ್ದ ಪೆಟ್ಟು ಕಾಣ್ತಾ ಇಲ್ಲ ಕಣೋ." ಅವನ ಮಾತು ಸರಿಯಾಗಿತ್ತು. ರಿಂಗಿನ ನೆಲದ ಹಲಗೆಗಳು ಬಾಗಿ ಮೇಲೇಳುತ್ತವೆ. ಆ ಬಾಗು ಕಾಣದಿದ್ದರೆ ಪೆಟ್ಟೂ ಕಾಣುವುದಿಲ್ಲ.

ಮೇಲಿನ ಹಲಗೆಯ ನಡುವೆ 12 ಅಂಗುಲದ ಚೌಕ ಕೊಯ್ದು ತೆಗೆದು, ಅದರ ಮೇಲೆ ಅಂಚಿಗೆ ಮಾತ್ರ ಆತುಕೊಳ್ಳುವ 3 ಮಿಲಿಮೀಟರ್ ಪ್ಲೈವುಡ್ ಕೂರಿಸಿದೆ. ಅದರ ನಡುಮಧ್ಯೆ ಕೆಳಗಿನಿಂದ ಒಂದು ನಟ್ ಅಂಟಿಸಿ, ಪೆಟ್ಟಿಗೆಯ ತಳದಿಂದ ಉದ್ದನೆಯ ಬೋಲ್ಟ್ ಹಾಕಿದೆ. ಬೋಲ್ಟನ್ನು ಅರ್ಧ ಸುತ್ತು ತಿರುಗಿಸಿದರೆ ನೆಲ ಸ್ವಲ್ಪ ತಗ್ಗುತ್ತದೆ, ಒಂದು ಫೋಟೋ. ಹಿಂದಕ್ಕೆ ತಿರುಗಿಸಿದರೆ ಮೇಲೇಳುತ್ತದೆ, ಇನ್ನೊಂದು ಫೋಟೋ. ಮೊದಲು 2 ಮಿಲಿಮೀಟರ್ ತಗ್ಗಿಸಿ ನೋಡಿದೆ. ಬ್ರೆಟ್ ಬೀಳುವುದಕ್ಕೆ ಒಪ್ಪಿತು, ಆದರೆ ಥೆಸ್ ನೆಲದ ಮೇಲೆ ಕೂತು ಒಬ್ಬನ ಕೈ ತಿರುಚುವಾಗ ನೆಲ ಹಾಗೆ ಕುಣಿದರೆ ಪಟ್ಟಿನ ಗಾಂಭೀರ್ಯವೇ ಹೋಗುತ್ತದೆ. 1 ಮಿಲಿಮೀಟರಿಗೆ ನಿಲ್ಲಿಸಿದೆ. ಎರಡು ಕಾಲಕ್ಕೂ ಹೊಂದುವ ನೆಲ ಇಷ್ಟೇ ಅನ್ನಿಸಿತು.

ಗೊಂಬೆಗಳು

ಬ್ರೆಟ್ ಸಿದ್ಧವಾಗಿಯೇ ಸಿಕ್ಕ, ಗುಲಾಬಿ ಕಪ್ಪು ಉಡುಪಿನಲ್ಲಿ. ಥೆಸ್‌ಗೆ ಬೇರೊಂದು ಗೊಂಬೆಯ ಮೈ ತೆಗೆದುಕೊಂಡು ತಲೆಯನ್ನು ಎಪಾಕ್ಸಿ ಪುಟ್ಟಿಯಲ್ಲಿ ಮಾಡಿದೆ. ಮುಖಕ್ಕಿಂತ ಕಿವಿಗೆ ಹೆಚ್ಚು ಹೊತ್ತು ಹಿಡಿಯಿತು. ಚಾಪೆಗೆ ಉಜ್ಜಿ ಉಜ್ಜಿ ಊದಿ ಗಡ್ಡೆಕಟ್ಟಿದ ಪೈಲ್ವಾನನ ಕಿವಿ ಅದು. ಅದಿಲ್ಲದಿದ್ದರೆ ಆ ಮುಖ ಯಾರದೋ ಗುಮಾಸ್ತನದು. ಸಾದಾ ಕಪ್ಪು ಚಡ್ಡಿ, ಅಷ್ಟೇ.

1957ರ ನೆನಪಿಗೆ ಇಡೀ ಚಿತ್ರವನ್ನು ಕಪ್ಪುಬಿಳುಪು ಮಾಡೋಣ ಅಂತಿತ್ತು. ಒಂದು ಫೋಟೋ ಹಾಗೆ ಮಾಡಿ ನೋಡಿದಾಗ ಬ್ರೆಟ್‌ನ ಗುಲಾಬಿ ಬೂದಿಯಾಗಿ, ಅವನು ಅವನಾಗಿ ಉಳಿಯಲಿಲ್ಲ. ಬಣ್ಣದಲ್ಲೇ ತೆಗೆದೆ.

ಪಟ್ಟು ಹಾಕಿಸಿ ಹಾಕಿಸಿ ಬ್ರೆಟ್‌ನ ಸೊಂಟದ ಕೀಲು ಸಡಿಲವಾಯಿತು. ಕೀಲಿಗೆ ಪಾರದರ್ಶಕ ಉಗುರುಬಣ್ಣ ಒಂದು ಹನಿ ಬಿಟ್ಟು, ಒಣಗುವವರೆಗೆ ಕಾಲನ್ನು ಹಿಂದೆ ಮುಂದೆ ಆಡಿಸುತ್ತಿದ್ದರೆ ತೆಳುವಾದ ಪದರ ಕೂತು ಮತ್ತೆ ಬಿಗಿಯಾಗುತ್ತದೆ. ಆಡಿಸುವುದನ್ನು ನಿಲ್ಲಿಸಿದರೆ ಅಂಟಿಕೊಂಡುಬಿಡುತ್ತದೆ. ಥೆಸ್‌ನ ಎಡ ಮೊಣಕೈ ಪಿನ್ ಮುರಿದದ್ದಕ್ಕೆ 1 ಮಿಲಿಮೀಟರ್ ತೂತು ಕೊರೆದು ತಂತಿ ಹಾಕಿದೆ.

ಶಾರ್ಪ್‌ಶೂಟರ್ ಮತ್ತು ಎಸ್‌ಟಿಎಫ್

ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಇಲ್ಲಿ, ಅತಿ ಹೆಚ್ಚು ಕಲಿತದ್ದೂ ಇಲ್ಲೇ.

ಶಾರ್ಪ್‌ಶೂಟರ್ ಬ್ರೆಟ್‌ನ ಪಟ್ಟು. ಅದಕ್ಕೂ ಮೊದಲು ಜಪಾನಿನಲ್ಲಿ ರಿಕಿ ಚೋಶು ಅದನ್ನು ಹೆಸರುವಾಸಿ ಮಾಡಿದ್ದ. ಎದುರಾಳಿ ಅಂಗಾತ ಬಿದ್ದಿರುತ್ತಾನೆ. ಅವನ ಎರಡು ಕಾಲಿನ ನಡುವೆ ಇವನು ಒಂದು ಕಾಲಿಡುತ್ತಾನೆ. ಅವನ ಕಾಲುಗಳನ್ನು ತನ್ನ ಆ ಕಾಲಿಗೆ ಸುತ್ತಿ, ಒಂದರ ಮೇಲೊಂದು ಹೆಣೆದು, ಕಂಕುಳಿಗೆ ಸೇರಿಸಿ ಹಿಡಿಯುತ್ತಾನೆ. ಆಮೇಲೆ ಇನ್ನೊಂದು ಕಾಲನ್ನು ಎತ್ತಿ ಎದುರಾಳಿಯ ಮೈ ದಾಟಿಸಿ ಹೆಜ್ಜೆ ಇಟ್ಟಾಗ ಬಿದ್ದವನು ಬೋರಲಾಗಿ ತಿರುಗುತ್ತಾನೆ. ಇವನು ಹಿಂದಕ್ಕೆ ಕೂರುತ್ತಾನೆ. ಸೊಂಟ ಬಿಲ್ಲಿನಂತೆ ಬಾಗುತ್ತದೆ. ಗೊಂಬೆಯ ತೊಡೆ ಒಳಕ್ಕೆ ತಿರುಗುತ್ತಿರಲಿಲ್ಲವಾದ್ದರಿಂದ ಗರಗಸದಲ್ಲಿ ತೊಡೆ ಕೊಯ್ದು ನಡುವೆ ತಿರುಗುವ ಪಿನ್ ಹಾಕಬೇಕಾಯಿತು.

ಎಸ್‌ಟಿಎಫ್ (ಸ್ಟೆಪ್‌ಓವರ್ ಟೋಹೋಲ್ಡ್ ಫೇಸ್‌ಲಾಕ್) ಥೆಸ್‌ನದು. ಮುಂದೆ ಜಪಾನಿನ ಮಸಾಹಿರೋ ಚೋನೋ ಅವನಿಂದಲೇ ಕಲಿತು ತನ್ನ ಮುಖ್ಯ ಪಟ್ಟಾಗಿ ಮಾಡಿಕೊಂಡ. 1990ರಲ್ಲಿ ಥೆಸ್ 74ನೇ ವಯಸ್ಸಿನಲ್ಲಿ ತನ್ನ ಕೊನೆಯ ಪಂದ್ಯ ಆಡಿದ್ದೂ ಆ ಶಿಷ್ಯನ ಜೊತೆಗೇ. ಬೋರಲು ಬಿದ್ದವನ ಒಂದು ಕಾಲನ್ನು ಮಡಚಿ, ಆ ಪಾದವನ್ನು ತನ್ನ ತೊಡೆಗಳ ನಡುವೆ ಸಿಕ್ಕಿಸಿ, ಅವನ ಬೆನ್ನ ಮೇಲೆ ಮುಂದಕ್ಕೆ ಮಲಗಿ, ಮುಖಕ್ಕೆ ಕೈ ಹಾಕಿ ಹಿಂದಕ್ಕೆಳೆಯುವುದು.

ಎರಡೂ ಪಟ್ಟು ಶುರುವಾಗುವುದು ಕಾಲಿನಿಂದ. ಆದರೆ ಒಂದು ದೊಡ್ಡ ವ್ಯತ್ಯಾಸ ಗೊಂಬೆ ಹಿಡಿದಾಗಲೇ ನನ್ನ ಕಣ್ಣಿಗೆ ಬಿದ್ದದ್ದು. ಶಾರ್ಪ್‌ಶೂಟರಿನಲ್ಲಿ ಹಿಡಿದವನ ಬೆನ್ನು ಎದುರಾಳಿಯ ತಲೆಯ ಕಡೆಗಿರುತ್ತದೆ. ಅವನ ಕೈ ಏನು ಮಾಡುತ್ತಿದೆ ಅಂತ ಇವನಿಗೆ ಕಾಣುವುದಿಲ್ಲ. ಎಸ್‌ಟಿಎಫ್‌ನಲ್ಲಿ ಇಬ್ಬರ ಮುಖವೂ ಒಂದೇ ದಿಕ್ಕಿಗೆ, ಕೆನ್ನೆಗೆ ಕೆನ್ನೆ ತಾಗುವಷ್ಟು ಹತ್ತಿರ. ಥೆಸ್‌ಗೆ ಎಲ್ಲವೂ ಕಾಣುತ್ತದೆ.

ಇನ್ನೊಂದು. ಬ್ರೆಟ್‌ನ ಗೊಂಬೆಯನ್ನು ದಾಟುವ ಹೆಜ್ಜೆಗೆ ತರುವಾಗ ಪ್ರತಿ ಸಲ ಅದು ಬೀಳುತ್ತಿತ್ತು. ಒಂದು ಪಾದ ಗಾಳಿಯಲ್ಲಿ, ಇಡೀ ಭಾರ ಎದುರಾಳಿಯ ಕಾಲುಗಳ ನಡುವೆ ಇಟ್ಟ ಪಾದದ ಮೇಲೆ. ಆ ಪಾದ ಥೆಸ್‌ನ ಸೊಂಟದ ಪಕ್ಕದಲ್ಲೇ ಇದೆ. ಥೆಸ್‌ನ ಕೈಯನ್ನು ಸುಮ್ಮನೆ ಕೆಳಗಿಳಿಸಿದೆ, ಬೆರಳು ನೇರವಾಗಿ ಬ್ರೆಟ್‌ನ ಹರಡಿನ ಮೇಲೆ ಹೋಗಿ ಕೂತಿತು. ಹಿಡಿದು ಎಳೆದರೆ ಬ್ರೆಟ್ ಮುಖ ಅಡಿಯಾಗಿ ಬೀಳುತ್ತಾನೆ, ಅವನ ಕಾಲು ಥೆಸ್‌ನ ಕೈಯಲ್ಲೇ ಉಳಿಯುತ್ತದೆ. ಅಲ್ಲಿಂದ ಎಸ್‌ಟಿಎಫ್‌ಗೆ ಎರಡೇ ಹೆಜ್ಜೆ. ಎಷ್ಟೋ ವರ್ಷ ಬಾಯಲ್ಲಿ ವಾದ ಮಾಡಿದಾಗ ಒಮ್ಮೆಯೂ ಹೊಳೆಯದ ಜಾಗ ಇದು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಚಿತ್ರೀಕರಣ

ಸೆಕೆಂಡಿಗೆ 12 ಫೋಟೋ, ಮೂರು ನಿಮಿಷಕ್ಕೆ 2160. ಒಂದು ಗಂಟೆಯ ಪಂದ್ಯದಿಂದ ಮುಖ್ಯವಾದ ಗಳಿಗೆಗಳನ್ನು ಮಾತ್ರ ಆರಿಸಿಕೊಂಡೆ. ಫೋನನ್ನು ಸ್ಟ್ಯಾಂಡಿಗೆ ಕಟ್ಟಿ, ಬೆಳಕಿನ ಅಳತೆಯನ್ನೂ ಫೋಕಸನ್ನೂ ಲಾಕ್ ಮಾಡಿ, ಕಿಟಕಿ ಮುಚ್ಚಿ, ಎರಡು ಎಲ್‌ಇಡಿ ದೀಪ ಹಾಕಿದೆ. ಮೊದಲ ದಿನದ 90 ಫೋಟೋ ಹಾಳಾಯಿತು, ನನ್ನ ಬಿಳಿ ಅಂಗಿಯ ಬೆಳಕು ರಿಂಗಿನ ಮೇಲೆ ಬಿದ್ದು ಚಿತ್ರ ಮಿನುಗುತ್ತಿತ್ತು. ಕಪ್ಪು ಅಂಗಿ ಹಾಕಿಕೊಂಡ ಮೇಲೆ ಸರಿಹೋಯಿತು.

ಮೊದಲ ಫಾಲ್ ಥೆಸ್‌ಗೆ. ಬ್ರೆಟ್ ಹಗ್ಗಕ್ಕೆ ಬಡಿದು ವಾಪಸ್ ಬರುವಾಗ ಥೆಸ್ ಎಗರಿ ಅವನ ಹೊಟ್ಟೆಯ ಮಟ್ಟಕ್ಕೆ ಮೈಯೇರಿ ಕೂತು ಹಿಂದಕ್ಕೆ ಕೆಡವಿ ಚಿತ್ ಮಾಡುತ್ತಾನೆ. ಥೆಸ್ ಪ್ರೆಸ್ ಅಂತಲೇ ಅದಕ್ಕೆ ಹೆಸರು. ಹತ್ತಿಯ ಹಗ್ಗ ಹಿಗ್ಗುವುದಿಲ್ಲವಲ್ಲ, ಆ ಒಂದು ಬದಿಯ ನಟ್‌ಗಳನ್ನು ಸಡಿಲಿಸಿ ಬ್ರೆಟ್‌ನ ಬೆನ್ನಿನಿಂದ ಹಗ್ಗವನ್ನು ಹೊರಕ್ಕೆ ಒತ್ತಿ ತೆಗೆದೆ. ಗಾಳಿಯಲ್ಲಿರುವ ಥೆಸ್‌ನನ್ನು ತಂತಿಯಲ್ಲಿ ಎತ್ತಿಹಿಡಿದು, ಖಾಲಿ ರಿಂಗಿನ ಫೋಟೋ ಒಂದನ್ನು ಇಟ್ಟುಕೊಂಡು ತಂತಿಯನ್ನು ಆಮೇಲೆ ಅಳಿಸಿದೆ.

ಎರಡನೆಯದು ಬ್ರೆಟ್‌ಗೆ, ಶಾರ್ಪ್‌ಶೂಟರಿನಿಂದ. 41ರ ಥೆಸ್ ಅದುವರೆಗೂ ನೋಡದ ಪಟ್ಟು ಅದು. ಮೊದಲ ಸಲ ಎದುರಾದಾಗ ಎಂಥವನಿಗೂ ತಿರುಮಂತ್ರ ಹೊಳೆಯುವುದಿಲ್ಲ ಅನ್ನುವುದು ನನ್ನ ನಂಬಿಕೆ.

ಆದರೆ ಎರಡನೆಯ ಸಲ ಹೊಳೆಯುತ್ತದೆ. 57ನೇ ನಿಮಿಷದಲ್ಲಿ ಬ್ರೆಟ್ ಮತ್ತೆ ಅದೇ ಹೆಜ್ಜೆ ದಾಟಿಸಲು ಹೋದಾಗ ಥೆಸ್ ಹರಡು ಹಿಡಿಯುತ್ತಾನೆ. ಬ್ರೆಟ್ ಮುಖ ಅಡಿಯಾಗಿ ಬೀಳುತ್ತಾನೆ. ಎಸ್‌ಟಿಎಫ್. ಇಲ್ಲಿ ನಾನು ಫಲಿತಾಂಶ ಬರೆದಿಟ್ಟುಕೊಂಡಿದ್ದೆ: ಬ್ರೆಟ್ ಸೋಲೊಪ್ಪಿಕೊಳ್ಳಬೇಕು. ಗೊಂಬೆಗಳನ್ನು ಬಿದ್ದ ಜಾಗದಲ್ಲೇ ಬಿಟ್ಟು, ಸ್ಕೇಲ್ ಇಟ್ಟೆ. ಬ್ರೆಟ್‌ನ ಚಾಚಿದ ಬೆರಳಿನಿಂದ ಕೆಳಗಿನ ಹಗ್ಗಕ್ಕೆ ಮುಕ್ಕಾಲು ಅಂಗುಲ. 20 ಅಂಗುಲದ ರಿಂಗಾಗಿದ್ದರೆ ಅದೇ ಜಾಗದಿಂದ ಒಂದೂಮುಕ್ಕಾಲು ಅಂಗುಲ ಇರುತ್ತಿತ್ತು, ಬೆನ್ನ ಮೇಲೆ 102 ಕಿಲೋದ ಥೆಸ್‌ನನ್ನು ಹೊತ್ತುಕೊಂಡು ಅಷ್ಟು ದೂರ ತೆವಳುವುದು ಆಗದ ಮಾತು. ಮುಕ್ಕಾಲು ಅಂಗುಲ ಅಂದರೆ ನಿಜದ ರಿಂಗಿನಲ್ಲಿ 9 ಅಂಗುಲ. ಬ್ರೆಟ್ ಹಾರ್ಟ್ 9 ಅಂಗುಲ ತೆವಳದೆ ಸೋಲೊಪ್ಪಿಕೊಳ್ಳುವ ಮನುಷ್ಯನಲ್ಲ. ಬರೆದದ್ದನ್ನು ಹೊಡೆದುಹಾಕಿ ಅವನ ಕೈಯನ್ನು 31 ಫೋಟೋಗಳಲ್ಲಿ ಹಗ್ಗಕ್ಕೆ ಮುಟ್ಟಿಸಿದೆ. ಗಂಟೆ ಮುಗಿಯಿತು. ಹೆಚ್ಚುವರಿ ಸಮಯ.

61ನೇ ನಿಮಿಷ. ಥೆಸ್ ಹಿಂದಿನಿಂದ ಬ್ರೆಟ್‌ನ ಕತ್ತಿಗೆ ತೋಳು ಹಾಕಿ ಬಿಗಿಯುತ್ತಾನೆ. ಜಾಗ, ಬಲಹಿಂದಿನ ಮೂಲೆ. 1992ರ ರೆಸಲ್‌ಮೇನಿಯಾ 8ರಲ್ಲಿ ರಾಡಿ ಪೈಪರ್ ಹೀಗೇ ಹಿಡಿದಾಗ ಬ್ರೆಟ್ ಎರಡೂ ಕಾಲನ್ನು ಮೂಲೆಯ ಟರ್ನ್‌ಬಕಲಿಗೆ ಕೊಟ್ಟು ಹಿಂದಕ್ಕೆ ಒದ್ದು, ಹಿಡಿದವನ ಮೇಲೇ ಬಿದ್ದು ಚಿತ್ ಮಾಡಿದ್ದ. ಹಿಡಿದ ಪಟ್ಟನ್ನು ಬಿಡದಿರುವುದೇ ಥೆಸ್‌ನ ಸ್ವಭಾವ, ಸೋಲಾಗುವುದೂ ಆ ಸ್ವಭಾವದಿಂದಲೇ. ಬೆನ್ನು ನೆಲಕ್ಕೆ ತಾಗಿದರೂ ಅವನ ತೋಳು ಬ್ರೆಟ್‌ನ ಕತ್ತಿನ ಸುತ್ತ ಹಾಗೇ ಇರುತ್ತದೆ. ರೆಫರಿ ಮೂರು ಎಣಿಸುವಾಗಲೂ ಇರುತ್ತದೆ. ಬ್ರೆಟ್ ಗೆಲ್ಲುತ್ತಾನೆ, ಸಡಿಲಾಗದ ಪಟ್ಟಿನೊಳಗೇ.

ಆ ಒದೆತವನ್ನು 14 ಫೋಟೋಗಳಲ್ಲಿ ತೆಗೆದೆ. ಬ್ರೆಟ್‌ನ ಪಾದದ ಆಯಸ್ಕಾಂತ ಮೆತ್ತೆಯೊಳಗಿನ ಬೋಲ್ಟಿಗೆ ಕಚ್ಚಿ ಹಿಡಿಯಿತು, ಇಬ್ಬರ ಭಾರವೂ ಆ ಒಂದೇ ಕಂಬದ ಮೇಲೆ ಬಂತು. ನೆಲದ ಬೋಲ್ಟ್ ಅರ್ಧ ಸುತ್ತು ತಿರುಗಿಸಿ, ಮತ್ತೆ ಹಿಂದಕ್ಕೆ ತಿರುಗಿಸಿ, ಕೊನೆಯ ಫೋಟೋ ತೆಗೆದ ಮೇಲೆ ತಮ್ಮ ಬಗ್ಗಿ ಕಂಬದ ಪಕ್ಕದ ದಾರ ನೋಡಿದ. ದಾರ ಪೆನ್ಸಿಲ್ ಗುರುತಿನ ಮೇಲೇ ಇತ್ತು.